ಅಜ್ಜನ ಲೆಕ್ಕದ ಎರಡು ಸಾಲುಗಳು

ಸಂಸಾರದಲ್ಲಿ ಮನಸ್ತಾಪ ಹುಟ್ಟುವುದಕ್ಕೆ ಬಹು ದೊಡ್ಡ ಕಾರಣವೇನೂ ಬೇಕಾಗಿಲ್ಲ. ಐವತ್ತು ರೂಪಾಯಿ ಸಾಕು. ಅಂತಹ ಒಂದು ಐವತ್ತು ರೂಪಾಯಿಯ ಜಗಳವನ್ನು, ಪಂಚಾಯತಿಯ ಕಟ್ಟೆ ಹತ್ತಗೊಡದೆ, ಪ್ರೌಢಶಾಲೆಯ ಪುಸ್ತಕದ ಒಂದು ಪಾಠವು ಅರ್ಧ ಗಂಟೆಯಲ್ಲಿ ತೀರಿಸಿದ ಸಂಗತಿಯನ್ನು ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಪಾಠದ ಹೆಸರನ್ನು ಮೊದಲೇ ಹೇಳಿದರೆ ಹಲವರು ಪುಟ ತಿರುವಿ ನೇರವಾಗಿ ಧಾರಾವಾಹಿಗೆ ಹೋಗಿಬಿಡುವ ಸಂಭವವುಂಟು. ಆದುದರಿಂದ ಅದನ್ನು ಸ್ವಲ್ಪ ತಡವಾಗಿಯೇ ಹೇಳುತ್ತೇನೆ.

ಪುಷ್ಯ ಮಾಸದ ಒಂದು ಭಾನುವಾರ ಶಿಕಾರಿಪುರದಿಂದ ಸೊರಬದ ಕಡೆಗೆ ಹೊರಟಿದ್ದೆ. ಸೊರಬದಾಚೆ ದಂಡಾವತಿಯ ಬಯಲಿಗೆ ಹತ್ತಿರದಲ್ಲಿ ನನ್ನ ಅಕ್ಕನ ಮನೆ. ಮನೆಯ ಹಿಂದೆ ಅಡಿಕೆಯ ತೋಟ. ಕನ್ನಡ ಪಾಠ ಹೇಳುವವನಿಗೆ ಆ ದಾರಿ ಬರಿಯ ದಾರಿಯಲ್ಲ. ಶಿರಾಳಕೊಪ್ಪ ಸಮೀಪಿಸಿತೆಂದರೆ ಒಂದೆಡೆ ತಾಳಗುಂದ. ಕದಂಬ ಮಯೂರಶರ್ಮನ ಕಥೆಯನ್ನು ಹೇಳುವ ಶಾಸನಸ್ತಂಭವಿರುವ ಊರು. ಇನ್ನೊಂದೆಡೆ ಬಳ್ಳಿಗಾವಿ; ಅಲ್ಲಮಪ್ರಭುವಿನ ಹೆಸರಿನೊಡನೆ ಬೆಸೆದುಕೊಂಡ ಊರು, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರದ ರಾಜಧಾನಿ. ಅಲ್ಲಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಈ ಸೀಮೆಯ ದಾನಶಾಸನಗಳನ್ನು ಓದಿದವರಿಗೆ ಇನ್ನೊಂದು ವಿಷಯವೂ ಗೊತ್ತು: ಮತ್ತರು, ಕಮ್ಮ, ಗದ್ಯಾಣ, ಪಣ ಎಂದು ಭೂಮಿಯನ್ನೂ ಹಣವನ್ನೂ ಎಣಿಸಿ ಬರೆಯದ ದಾನವಿಲ್ಲ. ಕಾವ್ಯದ ನಾಡು ಲೆಕ್ಕದ ನಾಡೂ ಆಗಿತ್ತು.

ಆದರೆ ಅಂದು ನನ್ನ ಪಾಲಿಗೆ ದೊರೆತ ಶಾಸನ ಕಲ್ಲಿನದಲ್ಲ; ರಟ್ಟು ಹರಿದ ಒಂದು ಲೆಕ್ಕದ ಪುಸ್ತಕದ್ದು.

ಮನೆಯಲ್ಲಿ ಎರಡು ಕಷ್ಟಗಳು

ಅಕ್ಕನ ಮನೆಯನ್ನು ಹೊಕ್ಕಾಗ ಎಂದಿನ ಸಡಗರವಿರಲಿಲ್ಲ. ಅಕ್ಕನ ಮಾವನವರಿಗೆ ಹತ್ತು ದಿನಗಳ ಹಿಂದೆ ಲಕ್ವ ಹೊಡೆದು, ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದರು. ಪ್ರಾಣಕ್ಕೆ ಅಪಾಯವಿಲ್ಲವೆಂದು ವೈದ್ಯರು ಹೇಳಿದ್ದರೂ ಮಾತು ನಿಂತಿತ್ತು. ಯಾವ ವಿಚಾರವನ್ನೂ ತೆಗೆದು ಅವರ ಮನಸ್ಸನ್ನು ಕಲಕಬಾರದೆಂದು ಅಪ್ಪಣೆಯಾಗಿತ್ತು.

ಎರಡನೆಯ ಕಷ್ಟ ನನ್ನ ಸೋದರಸೊಸೆಯದು. ಹುಡುಗಿ ಹತ್ತನೆಯ ತರಗತಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕನ್ನಡದಲ್ಲಿ ತರಗತಿಗೇ ಮೊದಲಿಗಳು. ಗಣಿತದಲ್ಲಿ 18 ಅಂಕ. "ಎಸ್.ಎಸ್.ಎಲ್.ಸಿ. ದಾಟದಿದ್ದರೆ ಮನೆಯಲ್ಲಿರಲಿ. ತೋಟವಿದೆ, ಅಂಗಡಿಯಿದೆ, ಓದಿ ಆಗಬೇಕಾದ್ದೇನು?" ಎಂದು ಭಾವ ಒಮ್ಮೆ ಅಂದಿದ್ದರಂತೆ. ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಮಕ್ಕಳಿಗೆ ಸಿಟ್ಟಿನ ಮಾತೂ ತೀರ್ಪೂ ಒಂದೇ. ಅವಳು ಗಣಿತದ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದಳು.

"ಯಾವ ಪಾಠದಲ್ಲಿ ತೊಡಕು, ಮಗು?" ಎಂದು ಕೇಳಿದೆ.

"ಎಲ್ಲದರಲ್ಲೂ, ಮಾವ. ಅದರಲ್ಲೂ ಈ ಎಕ್ಸು, ವೈ. ಒಂದೇ ಗೊತ್ತಿಲ್ಲ ಎಂದರೆ ಹೇಗೋ ಹುಡುಕಬಹುದು. ಎರಡೂ ಗೊತ್ತಿಲ್ಲದಿದ್ದರೆ ಎಲ್ಲಿಂದ ಹಿಡಿಯುವುದು?"

ಪ್ರಶ್ನೆ ಸರಿಯಾದದ್ದೇ. ಇನ್ನು ಪಾಠದ ಹೆಸರನ್ನು ಬಚ್ಚಿಡುವುದರಲ್ಲಿ ಅರ್ಥವಿಲ್ಲ: ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿ. ಹೆಸರು ಉದ್ದ; ವಿಷಯ ಗಿಡ್ಡ. ಹಾಗೆಂದು ನಾನು ಹೇಳುವುದರೊಳಗಾಗಿ ಅಂಗಳದಲ್ಲಿ ಮಾತು ಏರತೊಡಗಿತು.

ನಾನೂರೈವತ್ತೋ, ನಾನೂರೋ?

ಮಲೆನಾಡಿನ ವಾಚಕರಿಗೆ ಕೊನೆಕೊಯ್ಲಿನ ವಿವರ ಹೇಳಬೇಕಾಗಿಲ್ಲ. ಪಟ್ಟಣಿಗರಿಗಾಗಿ ಎರಡು ಮಾತು: ಅಡಿಕೆಯ ಮರವನ್ನು ಹತ್ತಿ, ಒಂದು ಮರದಿಂದ ಇನ್ನೊಂದಕ್ಕೆ ಬಾಗಿ ದಾಟುತ್ತ ಗೊನೆಯಿಳಿಸುವವನು ಕೊನೆಗೌಡ. ಅವನ ಕೆಲಸದಲ್ಲಿ ಪ್ರಾಣಭಯವಿದೆ. ಆದುದರಿಂದ ಕೂಲಿಯೂ ಹೆಚ್ಚು. ಕೆಳಗೆ ಉದುರಿದ ಅಡಿಕೆಯನ್ನು ಹೆಕ್ಕಿ, ಗೊನೆಗಳನ್ನು ಹೊತ್ತು ಅಂಗಳಕ್ಕೆ ಸೇರಿಸುವವರು ಹೆಂಗಸರು. ಅವರ ಕೂಲಿ ಕಡಮೆ.

ಆ ವರ್ಷದ ಕೊಯ್ಲು ಮೂರು ದಿನ ನಡೆದಿತ್ತು. ಮೊದಲೆರಡು ದಿನಗಳ ಕೂಲಿಯನ್ನು ಅಜ್ಜ ತಮ್ಮ ಕೈಯಿಂದಲೇ ಕೊಟ್ಟಿದ್ದರು. ಮೂರನೆಯ ಸಂಜೆ ಕೊನೆಗೌಡರು ದೂರದ ಊರಿಗೆ ಹೊರಡುವವರಾದುದರಿಂದ ಅವರದನ್ನು ಮೊದಲು ತೀರಿಸಿ, ಹೆಂಗಸರಿಗೆ ಹಣ ತರಲು ಒಳಗೆ ಹೋದವರು ನಡುಮನೆಯಲ್ಲೇ ಕುಸಿದಿದ್ದರು. ಒಂಬತ್ತು ಮಂದಿ ಹೆಂಗಸರ ಒಂದು ದಿನದ ಕೂಲಿ ಹಾಗೆಯೇ ಉಳಿಯಿತು. ಅಜ್ಜ ಮಲಗಿರುವಾಗ ಕೇಳಬಾರದೆಂದು ಹತ್ತು ದಿನ ಸುಮ್ಮನಿದ್ದು, ಅವರು ಅಂದು ಬಂದಿದ್ದರು.

ಭಾವನವರಿಗೆ ಸೊರಬದಲ್ಲಿ ಅಂಗಡಿ. ತೋಟದ ಯಜಮಾನಿಕೆ ಪೂರ್ತಿ ಅಜ್ಜನದು. ಪಕ್ಕದ ತೋಟದಲ್ಲಿ ಹೆಣ್ಣಾಳಿಗೆ 400 ರೂಪಾಯಿ ಕೊಟ್ಟರೆಂದು ಭಾವ ಕೇಳಿದ್ದರು. ಹೆಂಗಸರು ತಮ್ಮ ಮಾತು 450ಕ್ಕೆ ಆಗಿದ್ದಿತೆಂದು ಹೇಳುತ್ತಿದ್ದರು. ಕೊನೆಗೌಡರ ಮುಖಂಡನನ್ನು ಕೇಳೋಣವೆಂದರೆ ಅವನ ಮೊಬೈಲು ಎರಡು ದಿನದಿಂದ ಉತ್ತರ ಕೊಟ್ಟಿರಲಿಲ್ಲ. ಭಾವ ಅಜ್ಜನ ಲೆಕ್ಕದ ಪುಸ್ತಕವನ್ನು ತಂದು ತೆರೆದರು. ಅಜ್ಜನದು ಹಳೆಯ ಕಾಲದ ಬರವಣಿಗೆ. ತಮಗೆ ಗೊತ್ತಿದ್ದುದನ್ನು ಬರೆಯುವ ಅಭ್ಯಾಸವಿಲ್ಲ. ದರ ಅವರಿಗೆ ಗೊತ್ತೇ ಇತ್ತಲ್ಲ! ಅಲ್ಲಿದ್ದುದು ಇಷ್ಟೇ:

ಮೊದಲ ದಿನ: ಕೊನೆಗೌಡರು 4, ಹೆಣ್ಣಾಳು 8, ಬಟವಾಡೆ ರೂ. 8,400.
ಎರಡನೆಯ ದಿನ: ಕೊನೆಗೌಡರು 2, ಹೆಣ್ಣಾಳು 10, ಬಟವಾಡೆ ರೂ. 6,900.

ಭಾವ ಲೆಕ್ಕದಲ್ಲಿ ದಡ್ಡರಲ್ಲ. ಮೊದಲ ಸಾಲಿನ ಮೇಲೆ ಬೆರಳಿಟ್ಟು, "ನೋಡಿ, ಕೊನೆಗೌಡನಿಗೆ 1,300. ನಾಲ್ವರಿಗೆ 5,200. ಹೆಣ್ಣಾಳಿಗೆ 400ರಂತೆ ಎಂಟು ಮಂದಿಗೆ 3,200. ಒಟ್ಟು 8,400. ಅಪ್ಪಯ್ಯನ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ!" ಎಂದರು.

ಹೆಂಗಸರ ಹಿರಿಯಳು ಇಪ್ಪತ್ತು ವರ್ಷಗಳಿಂದ ಆ ತೋಟಕ್ಕೆ ಬರುವವಳು. ಅವಳು ಕೂಗಾಡಲಿಲ್ಲ. "ಐವತ್ತು ರೂಪಾಯಿಗೆ ಸುಳ್ಳು ಹೇಳೋ ಜನ ಅಲ್ಲ ನಾವು, ಅಯ್ಯಾ. ಮೊದಲ ದಿನವೂ ನಾನೂರೈವತ್ತೇ, ಎರಡನೇ ದಿನವೂ ಅಷ್ಟೇ ಕೊಟ್ಟರು ದೊಡ್ಡಯ್ಯನವರು. ನೀವು ನಾನೂರು ಕೊಟ್ಟರೆ ತಗೊಂಡು ಹೋಗ್ತೀವಿ. ಆದರೆ ಸುಳ್ಳರು ಅನ್ನಿಸ್ಕೊಂಡ ಮೇಲೆ ಈ ತೋಟಕ್ಕೆ ಕಾಲಿಡಲ್ಲ" ಎಂದಳು.

ಅಂಗಳ ನಿಶ್ಶಬ್ದವಾಯಿತು. ಭಾವನವರ ಲೆಕ್ಕ ಕೂಡಿತ್ತು. ಅವಳ ಮಾತೂ ಸುಳ್ಳೆಂದು ತೋರಲಿಲ್ಲ. ಆಸ್ಪತ್ರೆಯ ಖರ್ಚಿನ ನಡುವೆ ಭಾವನವರಿಗೆ ಒಂದೊಂದು ರೂಪಾಯಿಯೂ ಭಾರವಾಗಿತ್ತೆಂಬುದನ್ನೂ ಹೇಳಬೇಕು. ಅಕ್ಕ ಎಲ್ಲರಿಗೂ ಚಹಾ ಕಾಯಿಸಲು ಒಳಗೆ ಹೋದಳು. ನಾನು ಆ ಎರಡು ಸಾಲುಗಳನ್ನು ಕಾಗದದ ಮೇಲೆ ಬರೆದುಕೊಂಡು ಸೋದರಸೊಸೆಯ ಮೇಜಿಗೆ ಬಂದೆ.

ನೃಪತುಂಗನ ಕಾಲದ ಹಣ್ಣುಗಳು

ನಾನು ಕನ್ನಡ ಎಂ.ಎ.; ಬೀಜಗಣಿತವನ್ನು ಬಿಟ್ಟು ಹದಿನೈದು ವರ್ಷಗಳ ಮೇಲಾಗಿದೆ. ಆದರೆ ನೃಪತುಂಗನ ಆಸ್ಥಾನವನ್ನು ಬಿಟ್ಟವನಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು 814ರಲ್ಲಿ ಪಟ್ಟಕ್ಕೆ ಬಂದು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಆಳಿದನು. ಈ ಬನವಾಸಿ ಸೀಮೆಯನ್ನು ಅವನ ಪರವಾಗಿ ಆಳಿದವನು ದಂಡನಾಯಕ ಬಂಕೆಯ. 'ಕವಿರಾಜಮಾರ್ಗ' ಹುಟ್ಟಿದುದು ಆ ಕಾಲದಲ್ಲಿ. ಅದೇ ದೊರೆಯನ್ನು ಸ್ತುತಿಸಿ ಆರಂಭವಾಗುವ ಇನ್ನೊಂದು ಗ್ರಂಥವನ್ನು ನಾವು ಸಾಹಿತ್ಯದವರು ಮರೆಯುತ್ತೇವೆ: ಜೈನ ಗಣಿತಜ್ಞ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಸಂಸ್ಕೃತ ಪದ್ಯಗಳಲ್ಲಿ ರಚಿಸಿದ 'ಗಣಿತಸಾರಸಂಗ್ರಹ'. ಮದರಾಸಿನಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಬೆಳಕಿಗೆ ತಂದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯದೇ ಆದ ಹೊಂಬುಜದಿಂದ ಪ್ರಕಟವಾಯಿತು.

ಆ ಗ್ರಂಥದಲ್ಲಿ ಹಣ್ಣಿನಂಗಡಿಯ ಒಂದು ಲೆಕ್ಕವಿದೆ. ಅದನ್ನೇ ಹುಡುಗಿಗೆ ಹೇಳಿದೆ: 9 ಮಾದಲದ ಹಣ್ಣು, 7 ಬೇಲದ ಹಣ್ಣುಗಳಿಗೆ ಒಟ್ಟು ಬೆಲೆ 107. ತಿರುಗುಮುರುಗು ಮಾಡಿ 7 ಮಾದಲ, 9 ಬೇಲ ಕೊಂಡರೆ 101. ಒಂದೊಂದು ಹಣ್ಣಿನ ಬೆಲೆಯೆಷ್ಟು?

"ಎಕ್ಸು ವೈ ಬೇಡ. ಹಣ್ಣುಗಳನ್ನೇ ನೋಡು. ಎರಡು ಬುಟ್ಟಿಗಳನ್ನೂ ಒಂದರಲ್ಲಿ ಸುರಿದರೆ ಏನಾಗುತ್ತದೆ?" ಎಂದೆ.

ಅವಳು ಎಣಿಸಿದಳು. "16 ಮಾದಲ, 16 ಬೇಲ. ಬೆಲೆ 208. ಹಾಗಾದರೆ ಒಂದು ಮಾದಲ, ಒಂದು ಬೇಲ ಸೇರಿ..." ಭಾಗಿಸಿ, "13!" ಎಂದಳು.

"ಈಗ ಒಂದು ಬುಟ್ಟಿಯಿಂದ ಇನ್ನೊಂದನ್ನು ಕಳೆ."

"ಮೊದಲನೆಯದರಲ್ಲಿ 2 ಮಾದಲ ಹೆಚ್ಚು, 2 ಬೇಲ ಕಡಮೆ, ಬೆಲೆ 6 ಹೆಚ್ಚು. ಅಂದರೆ ಮಾದಲ ಬೇಲಕ್ಕಿಂತ 3 ಹೆಚ್ಚು." ಒಂದು ಕ್ಷಣ ತಡೆದು, "ಕೂಡಿದರೆ 13, ಅಂತರ 3. ಮಾದಲ 8, ಬೇಲ 5!" ಎಂದು ತಾನೇ ಬೆರಗಾದಳು.

ಮಹಾವೀರಾಚಾರ್ಯನು ಇದಕ್ಕೆ ಒಂದು ಸೂತ್ರವನ್ನೇ ಕೊಟ್ಟಿದ್ದಾನೆ. ದೊಡ್ಡ ಬೆಲೆಯನ್ನು ಹಣ್ಣಿನ ದೊಡ್ಡ ಸಂಖ್ಯೆಯಿಂದ ಗುಣಿಸು: 107ನ್ನು 9ರಿಂದ ಗುಣಿಸಿದರೆ 963. ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸು: 101ನ್ನು 7ರಿಂದ ಗುಣಿಸಿದರೆ 707. ಅಂತರ 256. ಇದನ್ನು 9 ಮತ್ತು 7ರ ವರ್ಗಗಳ ಅಂತರದಿಂದ, ಎಂದರೆ 81ರಲ್ಲಿ 49 ಕಳೆದ 32ರಿಂದ, ಭಾಗಿಸಿದರೆ 8. ಹೆಚ್ಚು ಬೆಲೆಯ ಹಣ್ಣು ಸಿಕ್ಕಿತು. ಗುಣಕಗಳನ್ನು ಅದಲುಬದಲು ಮಾಡಿದರೆ ಇನ್ನೊಂದು: 909ರಲ್ಲಿ 749 ಕಳೆದರೆ 160, 32ರಿಂದ ಭಾಗಿಸಿದರೆ 5. ಹನ್ನೊಂದು ನೂರು ವರ್ಷಗಳಿಗೂ ಹಿಂದಿನ ಕನ್ನಡ ಚಕ್ರವರ್ತಿಯ ಕಾಲದ ವಿಧಾನಕ್ಕೂ ನಮ್ಮ ಹುಡುಗಿಯ ಬುಟ್ಟಿಗಳಿಗೂ ಉತ್ತರ ಒಂದೇ.

ಪುಸ್ತಕವು ಮಾತನಾಡಿತು

ಆಗ ಅಜ್ಜನ ಎರಡು ಸಾಲುಗಳನ್ನು ಅವಳ ಮುಂದಿಟ್ಟೆ. "ಇದರಲ್ಲಿ ಸಂಖ್ಯೆಗಳು ಅದಲುಬದಲಾಗಿಲ್ಲವಲ್ಲ, ಮಾವ" ಎಂದಳು. ಇಲ್ಲ, ಆದುದರಿಂದ ಹಣ್ಣಿನ ಸೂತ್ರ ಇಲ್ಲಿ ಒದಗದು. ಎರಡು ಸಾಲುಗಳಲ್ಲಿ ಒಂದು ವರ್ಗದವರ ಸಂಖ್ಯೆಯನ್ನು ಸಮ ಮಾಡಿ ಕಳೆದುಬಿಡಬೇಕು. ಶಾಲೆಯ ಪುಸ್ತಕದಲ್ಲಿ ಇದಕ್ಕೇ ವರ್ಜಿಸುವ ವಿಧಾನವೆಂದು ಹೆಸರು.

ಅವಳು ಸ್ವಲ್ಪ ಹೊತ್ತು ನೋಡಿ ಬರೆಯತೊಡಗಿದಳು. ಎರಡನೆಯ ದಿನದಂತೆಯೇ ಇನ್ನೊಂದು ದಿನ ಕೆಲಸ ನಡೆದಿದ್ದರೆ? ಕೊನೆಗೌಡರು 4, ಹೆಣ್ಣಾಳು 20, ಬಟವಾಡೆ 13,800. ಮೊದಲ ದಿನವೂ ಕೊನೆಗೌಡರು ನಾಲ್ವರೇ. ಆದರೆ ಹೆಣ್ಣಾಳು 8, ಬಟವಾಡೆ 8,400. ಕೊನೆಗೌಡರು ಎರಡು ಕಡೆಯೂ ಸಮನಾದುದರಿಂದ ಹಣದ ವ್ಯತ್ಯಾಸವೆಲ್ಲ ಹೆಂಗಸರದೇ. 12 ಮಂದಿ ಹೆಂಗಸರಿಗೆ 5,400. ಒಬ್ಬಳಿಗೆ 450.

ಅವಳು ಎದ್ದು ಅಂಗಳಕ್ಕೆ ಓಡಲಿದ್ದಳು. ನಾನು ತಡೆದೆ. ಲೆಕ್ಕವು ಒಂದು ಮಾತನ್ನು ಒಪ್ಪಿಕೊಂಡು ಹೊರಟಿದೆ: ಎರಡು ದಿನವೂ ದರ ಒಂದೇ ಆಗಿತ್ತೆಂದು. ಅದನ್ನು ಮೊದಲು ಕೇಳಬೇಕು. ಕೇಳಿದಾಗ ಹೆಂಗಸರೂ ಭಾವನೂ ಒಪ್ಪಿದರು. ಕೊಯ್ಲಿನ ನಡುವೆ ದರ ಬದಲಿಸುವ ಪದ್ಧತಿ ಆ ಮನೆಯಲ್ಲಿಲ್ಲ.

ತರುವಾಯ ಹುಡುಗಿ ತಂದೆಯ ಮುಂದೆ ಕಾಗದವನ್ನು ಹಿಡಿದಳು. "ಅಪ್ಪಾ, ನೀವು ಹೇಳಿದ 1,300, 400 ಮೊದಲ ಸಾಲಿಗೆ ಕೂಡುತ್ತದೆ, ನಿಜ. ಎರಡನೆಯ ಸಾಲಿಗೆ ಹಾಕಿ ನೋಡಿ. ಇಬ್ಬರು ಕೊನೆಗೌಡರಿಗೆ 2,600. ಹತ್ತು ಮಂದಿಗೆ 4,000. ಒಟ್ಟು 6,600 ಆಯಿತು. ಅಜ್ಜ ಕೊಟ್ಟದ್ದು 6,900. ಹೆಣ್ಣಾಳಿಗೆ 450, ಕೊನೆಗೌಡನಿಗೆ 1,200 ಎಂದಿಟ್ಟುಕೊಂಡರೆ ಮೊದಲ ದಿನ 4,800ಕ್ಕೆ 3,600 ಕೂಡಿ 8,400. ಎರಡನೆಯ ದಿನ 2,400ಕ್ಕೆ 4,500 ಕೂಡಿ 6,900. ಎರಡಕ್ಕೂ ಕೂಡುವುದು ಇದೊಂದೇ."

ಭಾವ ಆ ಕಾಗದವನ್ನು ಎರಡು ಬಾರಿ ಓದಿದರು. ಏನೂ ಹೇಳದೆ ಒಳಗೆ ಹೋಗಿ 4,050 ರೂಪಾಯಿ ತಂದು ಹಿರಿಯಳ ಕೈಗಿತ್ತು, "ತಪ್ಪು ತಿಳಿಯಬೇಡಮ್ಮ. ನನಗೆ ಗೊತ್ತಿರಲಿಲ್ಲ" ಎಂದರು. 400ರಂತೆ ಕೊಟ್ಟಿದ್ದರೆ 3,600 ಆಗುತ್ತಿತ್ತು. ಉಳಿಯುತ್ತಿದ್ದ ಹಣ 450 ರೂಪಾಯಿ, ಎಂದರೆ ಸರಿಯಾಗಿ ಒಬ್ಬಳ ಒಂದು ದಿನದ ದುಡಿಮೆ. ಹಿರಿಯಳು ಹಣವನ್ನು ಸೆರಗಿಗೆ ಕಟ್ಟಿಕೊಂಡು ಹುಡುಗಿಯ ಕಡೆ ನೋಡಿ, "ದೊಡ್ಡಯ್ಯನವರ ಮೊಮ್ಮಗಳು" ಎಂದಳು. ಅಷ್ಟರಲ್ಲಿ ಚಹಾ ಬಂದಿತು.

ಒಂದು ಸಾಲು ಸಾಲದು

ಈ ಸಂಗತಿಯಲ್ಲಿ ಎಲ್ಲರೂ ನೆನಪಿಡಬೇಕಾದ ತಿರುಳು ಭಾವನವರ ತಪ್ಪಿನಲ್ಲಿದೆ. ಅವರ ಗುಣಾಕಾರ ತಪ್ಪಿರಲಿಲ್ಲ. ಒಂದೇ ಸಾಲಿನ ಮಾತಿಗೆ ಹಲವು ಅರ್ಥಗಳಿರುತ್ತವೆಂಬುದನ್ನು ಅವರು ಮರೆತಿದ್ದರು. ಮೊದಲ ಸಾಲಿಗೆ 1,300ಕ್ಕೆ 400 ಕೂಡುತ್ತದೆ. 1,200ಕ್ಕೆ 450 ಕೂಡುತ್ತದೆ. 1,100ಕ್ಕೆ 500 ಸಹ ಕೂಡುತ್ತದೆ. ಇವನ್ನೆಲ್ಲ ನಕ್ಷೆಯ ಹಾಳೆಯಲ್ಲಿ ಚುಕ್ಕೆಗಳಾಗಿ ಗುರುತಿಸಿದರೆ ಅವು ಒಂದು ನೇರ ಗೆರೆಯಾಗುತ್ತವೆ. ಅದಕ್ಕೇ ಇದು ರೇಖಾತ್ಮಕ. ಎರಡನೆಯ ಸಾಲು ಇನ್ನೊಂದು ಗೆರೆ. ಶಿಕಾರಿಪುರದ ದಾರಿಯಲ್ಲಿ ಬಂದವನೂ ಸೊರಬದ ದಾರಿಯಲ್ಲಿ ಬಂದವನೂ ಶಿರಾಳಕೊಪ್ಪದಲ್ಲಿ ಎದುರಾಗುವಂತೆ ಆ ಎರಡು ಗೆರೆಗಳು ಒಂದೇ ಸ್ಥಳದಲ್ಲಿ ಕೂಡುತ್ತವೆ. ಆ ಸ್ಥಳವೇ ಉತ್ತರ.

ಎರಡು ಸಾಲುಗಳಿದ್ದ ಮಾತ್ರಕ್ಕೆ ಉತ್ತರ ದೊರೆತೀತೆಂಬ ಭರವಸೆಯೂ ಇಲ್ಲ. ಎರಡನೆಯ ದಿನ ಕೊನೆಗೌಡರು 2, ಹೆಣ್ಣಾಳು 4, ಬಟವಾಡೆ 4,200 ಎಂದಿದ್ದರೆ? ಅದು ಮೊದಲ ಸಾಲಿನ ಅರ್ಧ. ಹೊಸದಾಗಿ ಏನನ್ನೂ ಹೇಳದು. ಒಬ್ಬನೇ ಸಾಕ್ಷಿ ವೇಷ ಮರೆಸಿ ಎರಡು ಸಲ ಬಂದಂತೆ. ಅಷ್ಟೇ ಆಳುಗಳಿಗೆ 4,500 ಎಂದಿದ್ದರೆ? ಆಗ ಎರಡು ಗೆರೆಗಳೂ ಸಮಾಂತರವಾಗಿ ಸಾಗಿ ಎಂದೆಂದಿಗೂ ಕೂಡವು. ಎಲ್ಲೋ ದರ ಬದಲಾಗಿದೆ, ಇಲ್ಲವೆ ಬರೆದವರು ತಪ್ಪಿದ್ದಾರೆ ಎಂದು ತಿಳಿಯಬೇಕು. ಎರಡು ಅಜ್ಞಾತಗಳನ್ನು ಹಿಡಿಯಲು ಬೇಕಾದುದು ಬೇರೆ ಬೇರೆಯಾದ, ಆದರೆ ಒಂದನ್ನೊಂದು ಸುಳ್ಳಾಗಿಸದ ಎರಡು ಸಾಕ್ಷ್ಯಗಳು.

ಈ ವಿದ್ಯೆ ಒಂದೇ ದೇಶದ ಸೊತ್ತೂ ಅಲ್ಲ. ಚೀನದ ಪ್ರಾಚೀನ ಗಣಿತಗ್ರಂಥವೊಂದರ ಎಂಟನೆಯ ಅಧ್ಯಾಯದಲ್ಲಿ, ಎಣಿಕೆಯ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಕಳೆಯುವ ಇದೇ ಕ್ರಮವಿದೆ. ಅದಕ್ಕೆ ಸುಮಾರು ಎರಡು ಸಾವಿರ ವರ್ಷ. ಜರ್ಮನಿಯ ಗೌಸ್ ಎಂಬ ಮಹಾಗಣಿತಜ್ಞ 19ನೆಯ ಶತಮಾನದ ಆರಂಭದಲ್ಲಿ ಕ್ಷುದ್ರಗ್ರಹವೊಂದರ ಪಥವನ್ನು ಕಂಡುಹಿಡಿಯಲು ಈ ಕ್ರಮವನ್ನೇ ಬಳಸಿದನು. ಇಂದಿನ ಗಣಕಯಂತ್ರಗಳು ಸಾವಿರಾರು ಅಜ್ಞಾತಗಳನ್ನು ಒಟ್ಟಿಗೆ ಬಿಡಿಸುವಾಗಲೂ ಮಾಡುವ ಕೆಲಸ ಬಹುಮಟ್ಟಿಗೆ ಇದೇ: ಸಮ ಮಾಡು, ಕಳೆ.

ಹೆಸರಿನ ವಿಷಯದಲ್ಲಿ ಮಾತ್ರ ನಮ್ಮವರೇ ರಸಿಕರು. 1637ರಲ್ಲಿ ಫ್ರಾನ್ಸಿನ ದೆಕಾರ್ತ್ ಬಳಕೆಗೆ ತಂದ ಎಕ್ಸ್, ವೈಗಳ ಸ್ಥಾನದಲ್ಲಿ ಭಾಸ್ಕರಾಚಾರ್ಯನ 'ಬೀಜಗಣಿತ'ದಲ್ಲಿ ಬಣ್ಣಗಳಿವೆ. ಮೊದಲ ಅಜ್ಞಾತ 'ಯಾವತ್ತಾವತ್', ಎಂದರೆ ಎಷ್ಟೋ ಅಷ್ಟು. ಎರಡನೆಯದು ಕಾಲಕ, ಕಪ್ಪು. ಆಮೇಲೆ ನೀಲಕ, ಪೀತಕ. ತಿಳಿಯದ ರಾಶಿಗೆ ಅವರಿಟ್ಟ ಹೆಸರು 'ಅವ್ಯಕ್ತ'. ಇಲ್ಲದುದಲ್ಲ, ಇನ್ನೂ ಕಾಣಿಸಿಕೊಳ್ಳದುದು. ಕನ್ನಡದಲ್ಲಿಯೇ ಗಣಿತವನ್ನು ಬರೆದ 12ನೆಯ ಶತಮಾನದ ರಾಜಾದಿತ್ಯನ 'ವ್ಯವಹಾರಗಣಿತ'ವೂ ನಮಗಿದೆಯೆಂಬುದನ್ನು ಮಕ್ಕಳಿಗೆ ಹೇಳಿದರೆ, ಈ ವಿದ್ಯೆ ಪರದೇಶದಿಂದ ಬಂದ ಪೀಡೆಯಲ್ಲವೆಂದು ಅವರಿಗೆ ಧೈರ್ಯ ಬಂದೀತು.

ಮನೆಮಂದಿ ಕೂಡಿ ಬಿಡಿಸಲು ಭಾಸ್ಕರಾಚಾರ್ಯನದೇ ಒಂದು ಲೆಕ್ಕ. ಒಬ್ಬ ಹೇಳುತ್ತಾನೆ: "ಗೆಳೆಯಾ, ನನಗೆ ನೂರು ಕೊಡು, ನಿನಗಿಂತ ಎರಡು ಪಟ್ಟು ಧನಿಕನಾಗುತ್ತೇನೆ." ಇನ್ನೊಬ್ಬನ ಉತ್ತರ: "ನೀನೇ ನನಗೆ ಹತ್ತು ಕೊಡು; ನಿನ್ನ ಆರು ಪಟ್ಟಾಗುತ್ತೇನೆ." ಇಬ್ಬರ ಬಳಿಯೂ ಇದ್ದ ಹಣವೆಷ್ಟು? ಉತ್ತರವನ್ನು ನೋಡುವ ಮೊದಲು ಒಂದು ಲೋಟ ಕಾಫಿಯಷ್ಟು ಕಾಲ ಯೋಚಿಸಿರಿ. ಮೊದಲಿನವನಲ್ಲಿ 40, ಎರಡನೆಯವನಲ್ಲಿ 170. ನೂರು ಪಡೆದರೆ 140 ಮತ್ತು 70. ಹತ್ತು ಕೊಟ್ಟರೆ 30 ಮತ್ತು 180.

ಅಜ್ಜ ಮಾಘದಲ್ಲಿ ಮನೆಗೆ ಮರಳಿದರು. ಮಾತು ಪೂರ್ತಿ ಬಂದಿಲ್ಲ, ಕೈಯೂ ಬರೆಯದು. ಅವರು ಸ್ವಲ್ಪ ಚೇತರಿಸಿಕೊಂಡ ಮೇಲೆ ಮೊಮ್ಮಗಳು ಆ ಕಾಗದವನ್ನು ತೋರಿಸಿದಳಂತೆ. ಅವರು 450ರ ಮೇಲೆ ಎಡಗೈಯ ಬೆರಳನ್ನಿಟ್ಟು ಬಹಳ ಹೊತ್ತು ಹಾಗೆಯೇ ಇದ್ದರೆಂದು ಅಕ್ಕ ಬರೆದಿದ್ದಳು. ಹುಡುಗಿ ಎಸ್.ಎಸ್.ಎಲ್.ಸಿ.ಯಲ್ಲಿ ತೇರ್ಗಡೆಯಾದಳು. ಗಣಿತದಲ್ಲಿ 61 ಅಂಕ. ಪದಕವೇನೂ ಬರಲಿಲ್ಲ, ಆದರೆ ಈಗ ಪಿ.ಯು.ಸಿ.ಗೆ ಹೋಗುತ್ತಿದ್ದಾಳೆ, ಅವಳನ್ನು ಮನೆಯಲ್ಲಿ ನಿಲ್ಲಿಸುವ ಮಾತನ್ನು ಭಾವ ಮತ್ತೆ ಎತ್ತಿಲ್ಲ.

ತೋಟದ ಲೆಕ್ಕವನ್ನೂ ಈಗ ಅವಳೇ ಬರೆಯುತ್ತಾಳೆ. ಹೊಸ ಪುಸ್ತಕದಲ್ಲಿ ಅಜ್ಜನ ಪುಸ್ತಕಕ್ಕಿಂತ ಒಂದು ಕಾಲಮು ಹೆಚ್ಚಿದೆ. ಅದರ ತಲೆಯಲ್ಲಿ ದುಂಡಾದ ಅಕ್ಷರದಲ್ಲಿ ಬರೆದಿದ್ದಾಳೆ: 'ದರ'.